ಸಂತೆ ಕಂಡುಹಿಡಿಯುವವರಿಗೆ ಸಮುದ್ರಮಾರ್ಗದ ಕೈಪಿಡಿ

ಕಾರವಾರದಲ್ಲಿ ರವಿವಾರ ಸಂತೆ ನೆರೆಯುತ್ತದೆಂದು ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಅಂಕೋಲೆ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸರಿಗೆ ಗೊತ್ತು, ಘಟ್ಟದ ಮೇಲಿನಿಂದ ಟೆಂಪೊದಲ್ಲಿ ತರಕಾರಿ ಇಳಿಸುವವರಿಗೆ ಗೊತ್ತು, ಗೋವೆಯ ಗಡಿ ದಾಟಿ ಕೈಚೀಲ ಹಿಡಿದು ಬರುವವರಿಗೂ ಗೊತ್ತು. ಇಷ್ಟು ಜನರಿಗೆ ಗೊತ್ತಿರುವುದನ್ನು ನೀವೀಗ ಕಂಡುಹಿಡಿಯಬೇಕು. ಸುಲಭದ ಕೆಲಸವಲ್ಲ. ಹೇಳಿದಂತೆ ಮಾಡಿ.

ಮೊದಲು ವಾಹನ ಆರಿಸಿಕೊಳ್ಳಿ. ಮಡಗಾಂವ್‌ನಲ್ಲಿ ರೈಲು ಹತ್ತಿದರೆ ತಾಸು, ಒಂದೂವರೆ ತಾಸಿಗೆ ಕಾರವಾರ ಬಂದುಬಿಡುತ್ತದೆ. ಆದರೆ ರೈಲಿನಲ್ಲಿ ಬಂದವನನ್ನು ಸಂತೆಗೆ ಬಂದ ಎನ್ನುತ್ತಾರೆ, ಬಸ್ಸಿನಲ್ಲಿ ಬಂದವನನ್ನು ಕೊತ್ತಂಬರಿ ಒಯ್ಯಲು ಬಂದ ಎನ್ನುತ್ತಾರೆ. ಸಂತೆಯನ್ನು ಕಂಡುಹಿಡಿದ ಎನ್ನಿಸಿಕೊಳ್ಳಬೇಕಾದರೆ ಹಾಯಿದೋಣಿಯೇ ಆಗಬೇಕು. ಬೆಂಗಳೂರಿನಲ್ಲಿ ನಿಮ್ಮ ಮನೆಯ ಹಿಂದಿನ ಬೀದಿಯಲ್ಲಿ ವಾರವಾರ ನಡೆಯುವ ಸಂತೆಗೆ ಇದುವರೆಗೆ ಕಾಲಿಟ್ಟಿಲ್ಲವಾದರೆ ಇನ್ನೂ ಒಳ್ಳೆಯದು. ಬೆರಗಿಗೆ ಮನಸ್ಸು ಖಾಲಿ ಇರುತ್ತದೆ.

ದೋಣಿಯನ್ನು ಗೋವೆಯಲ್ಲಿ ಬಾಡಿಗೆಗೆ ಹಿಡಿಯಿರಿ. ಜೊತೆಗೆ ದೋಣಿ ನಡೆಸಲು ತಾಂಡೇಲನೊಬ್ಬನನ್ನು ಕಳಿಸುತ್ತೇವೆ ಅಂದರೆ ಖಂಡಿತ ಬೇಡವೆನ್ನಿ. ತಾಂಡೇಲ ಇದ್ದಲ್ಲಿ ದೋಣಿ ಹೊತ್ತಿಗೆ ಸರಿಯಾಗಿ ದಡ ಸೇರುತ್ತದೆ, ಆಮೇಲೆ ಹೇಳಿಕೊಳ್ಳಲು ಏನಿರುತ್ತದೆ? ತರಬೇತಿಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೋವೆಯಲ್ಲಿ ಕಟ್ಟಿದ ಮ್ಹಾದೇಯಿ ಎಂಬ ಹಾಯಿದೋಣಿಯಲ್ಲಿ ದಿಲೀಪ ದೋಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ, ನಡುವೆ ಎಲ್ಲೂ ನಿಲ್ಲದೆ ಸುತ್ತಿದರು. ಇಬ್ಬರೂ ನೌಕಾಪಡೆಯವರು, ವರ್ಷಗಟ್ಟಲೆ ತಯಾರಿ ನಡೆಸಿದವರು. ನೀವು ಅವರ ವಿಡಿಯೊ ನೋಡಿದ್ದೀರಿ. ಕಾರವಾರದವರೆಗೆ ಅಷ್ಟು ಸಾಕು.

ಹೊರಡುವುದು ಮೇ ತಿಂಗಳ ಕೊನೆಯ ವಾರ. ಇದರಲ್ಲಿ ರಾಜಿ ಬೇಡ. ತಿಳಿದವರು ಈ ಕರಾವಳಿಯಲ್ಲಿ ಹಾಯಿ ಬಿಚ್ಚುವುದು ದೀಪಾವಳಿ ಕಳೆದ ಮೇಲೆ. ಆಗ ಸಮುದ್ರ ಸಾಧುವಾಗಿರುತ್ತದೆ, ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಇರುತ್ತದೆ. ಮೇ ಕೊನೆಗಾದರೆ ನೈಋತ್ಯದಿಂದ ಉದ್ದುದ್ದ ಅಲೆ ಏಳತೊಡಗಿರುತ್ತವೆ, ಸಂಜೆಯಾಗುತ್ತಲೇ ಪಡುವಣದಲ್ಲಿ ಮೋಡ ಕವಿಯುತ್ತದೆ. ಮೀನುಗಾರರು ದೋಣಿಗಳನ್ನು ದಂಡೆಗೆ ಎಳೆದು, ಇಂಜಿನ್ ಬಿಚ್ಚಿ, ಮೇಲೆ ಮಡಲಿನ ತಟ್ಟಿ ಮುಚ್ಚುತ್ತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅವರೆಲ್ಲ ನಿಮಗೆ ಜಾಗ ತೆರವು ಮಾಡಿಕೊಡುತ್ತಿದ್ದಾರೆಂದು ತಿಳಿಯಿರಿ. ದಂಡೆಯಿಂದ ಯಾರಾದರೂ ಜೋರಾಗಿ ಕೈ ಬೀಸಿದರೆ ನೀವೂ ಬೀಸಿ. ‘ಒಳಗೆ ಬಾರೋ’ ಎಂದು ಕೂಗುತ್ತಿದ್ದರೂ ಅದು ಬೀಳ್ಕೊಡುಗೆಯೇ.

ಈ ತಿಂಗಳಿಗೆ ಪರಂಪರೆಯ ಬೆಂಬಲವೂ ಇದೆ. ನಿಮ್ಮ ಕುಲಗುರು ವಾಸ್ಕೋ ಡ ಗಾಮ ಕೋಳಿಕ್ಕೋಡಿನ ಹತ್ತಿರ ಬಂದು ಮುಟ್ಟಿದ್ದು 1498ರ ಮೇ 20ಕ್ಕೆ. ಆಫ್ರಿಕದ ಮಾಲಿಂದಿಯಲ್ಲಿ ದಾರಿ ಬಲ್ಲವನೊಬ್ಬನನ್ನು ಹಡಗಿಗೆ ಹತ್ತಿಸಿಕೊಂಡು, ಗಾಳಿಯನ್ನು ಬೆನ್ನಿಗಿಟ್ಟುಕೊಂಡು, 23 ದಿನಗಳಲ್ಲಿ ಕಡಲು ದಾಟಿದ. ಅದೇ ದಾರಿಯಲ್ಲಿ ತಲೆಮಾರುಗಳಿಂದ ಓಡಾಡುತ್ತಿದ್ದ ಅರಬರು, ಗುಜರಾತಿಗಳು, ಮಲಬಾರಿನವರು ತಾವು ಮಾಡುತ್ತಿರುವುದು ವ್ಯಾಪಾರ ಎಂದುಕೊಂಡಿದ್ದರು. ಇವನು ಬಂದ ಮೇಲೆ ಅದಕ್ಕೆ ಶೋಧ ಎಂದು ಹೆಸರಾಯಿತು.

ಗುರು ಇನ್ನೊಂದು ಪಾಠ ಹೇಳಿಕೊಟ್ಟಿದ್ದಾನೆ: ಸ್ಥಳೀಯರಿಗೆ ಕಾಣಿಕೆ ಒಯ್ಯಬೇಕು. ಕೋಳಿಕ್ಕೋಡಿನ ದೊರೆ ಸಾಮೂದಿರಿಗೆಂದು ಅವನು ಕಟ್ಟಿಸಿದ ಗಂಟಿನಲ್ಲಿ ಪಟ್ಟೆಪಟ್ಟೆ ಬಟ್ಟೆ, ಟೊಪ್ಪಿಗೆ, ನಾಲ್ಕು ಸರ ಹವಳ, ಆರು ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ ಮತ್ತು ಜೇನು ಇದ್ದವು. ಮೊದಲು ನೋಡಿದ ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕೆಯಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರಂತೆ. ಎದೆಗುಂದಬೇಡಿ. ಕಂಪನಿಯ ಹೆಸರು ಅಚ್ಚಾದ ಬಾಲ್‌ಪೆನ್ನು, ಚಾಕಲೇಟು, ಒಂದೆರಡು ಹಳೆಯ ಟೀ ಶರ್ಟು ಚೀಲಕ್ಕೆ ಹಾಕಿಕೊಳ್ಳಿ. ಸಂತೆಯಲ್ಲಿ ಒಂದೇ ಬೆಳಗಿಗೆ ನಿಮ್ಮ ದೋಣಿಯ ದಿನದ ಬಾಡಿಗೆಯಷ್ಟು ವ್ಯಾಪಾರ ಮಾಡುವ ಒಣಮೀನಿನವಳಿಗೆ ಪೆನ್ನು ಕೊಟ್ಟು ಅವಳ ಮುಖ ನೋಡಿ.

ಈಗ ಗಾಳಿ. ಮಳೆಗಾಲ ಕಾಲಿಡುವವರೆಗೆ ಈ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗಿ, ನಸುಕಿನಿಂದ ಮೂಡಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಹೊತ್ತೇರಿದಂತೆ ಅದು ಸತ್ತು, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಹಾಯಿ ಕಟ್ಟುತ್ತಿದ್ದ ಕಾಲದ ಮೀನುಗಾರರು ಮೂಡಗಾಳಿಯಲ್ಲಿ ಹೊರಟು ಕಡಲಗಾಳಿಯಲ್ಲಿ ಮನೆ ಸೇರುತ್ತಿದ್ದರು, ತೈಲದ ಖರ್ಚಿಲ್ಲ. ನೀವು ಈ ಎರಡರ ನಡುವೆ, ಬೆಳಿಗ್ಗೆ ಹತ್ತಕ್ಕೆ, ಹೊಟ್ಟೆ ತುಂಬ ತಿಂಡಿ ತಿಂದು ಹೊರಡಿ. ಗಾಳಿ ಇರುವುದಿಲ್ಲ, ಹಾಯಿ ಜೋತುಬಿದ್ದಿರುತ್ತದೆ, ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಈ ಹೊತ್ತಿನಲ್ಲೇ ಒಳ್ಳೆಯ ಫೋಟೊ ಬರುವುದು, ಯಾಕೆಂದರೆ ದೋಣಿ ಅಲುಗಾಡುವುದಿಲ್ಲ.

ದಾರಿಯಲ್ಲಿ ನೀರಿನ ಮೇಲೆ ಥರ್ಮಾಕೋಲಿನ ತುಂಡು, ಖಾಲಿ ಪ್ಲಾಸ್ಟಿಕ್ ಕ್ಯಾನು, ಬಿದಿರು ಕಡ್ಡಿಗೆ ಸಿಕ್ಕಿಸಿದ ಕರಿ ಬಟ್ಟೆ ಸಾಲಾಗಿ ತೇಲುತ್ತಿರುವುದು ಕಾಣುತ್ತದೆ. ಅದರ ಕೆಳಗೆ ಯಾರದೋ ಬಲೆ ಇದೆ. ಅದನ್ನು ಕಡಲಿನ ಕಸ ಎಂದು ಭಾವಿಸಿ, ಮನುಷ್ಯಜಾತಿಯ ಬಗ್ಗೆ ಎರಡು ಮಾತು ಬೇಸರದಿಂದ ಆಡಿ, ಇಂಜಿನ್ ಚಾಲೂ ಮಾಡಿ ಅದರ ಮೇಲೆಯೇ ಹಾಯಿಸಿ. ಬಲೆ ಪ್ರೊಪೆಲರ್‌ಗೆ ಸುತ್ತಿಕೊಂಡು ದೋಣಿ ಅಲ್ಲೇ ನಿಲ್ಲುತ್ತದೆ. ಲಂಗರು ಹಾಕುವ ಶ್ರಮ ಉಳಿಯಿತು. ಬಲೆಯ ಒಡೆಯ ಸಾಮಾನ್ಯವಾಗಿ ದೂರದಲ್ಲಿರುವುದಿಲ್ಲ. ಆತ ಬಂದು ಕೊಂಕಣಿಯಲ್ಲಿ ಆಡುವ ಮಾತುಗಳನ್ನು ಜಾನಪದ ಎಂದು ರೆಕಾರ್ಡ್ ಮಾಡಿಕೊಳ್ಳಿ. ಬಲೆಯ ಬೆಲೆ ಕೇಳಿದರೆ ಮಾತ್ರ ನೆಟ್‌ವರ್ಕ್ ಇಲ್ಲ ಎನ್ನಿ.

ಕಾರವಾರದ ಕೊಲ್ಲಿ ಒಳ್ಳೆಯ ಜಾಗ. ಕೂರ್ಮಗಡ, ದೇವಗಡ ದ್ವೀಪಗಳು ಎದುರಿಗಿವೆ, ಬೈತಖೋಲದ ಗುಡ್ಡ ದಕ್ಷಿಣದ ಗಾಳಿಗೆ ಅಡ್ಡ ನಿಂತಿದೆ, ಬಂದರೂ ಅಲ್ಲೇ ಇದೆ. ಇಷ್ಟೊಂದು ಅನುಕೂಲವಿರುವಲ್ಲಿ ನಿಲ್ಲುವುದು ಶೋಧಕರಿಗೆ ಒಪ್ಪುವುದಿಲ್ಲ. ಗುಡ್ಡ ದಾಟಿ ತುಸು ದಕ್ಷಿಣಕ್ಕೆ ನಡೆಸಿ, ಅಂಜದೀವಕ್ಕೆ ಹೋಗಿ. 1498ರಲ್ಲಿ ಊರಿಗೆ ಮರಳುವಾಗ ವಾಸ್ಕೋ ತಂಗಿದ್ದು ಅದೇ ದ್ವೀಪದಲ್ಲಿ. ಈಗ ಅದು ಭಾರತೀಯ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆಯ ಆವರಣಕ್ಕೆ ಸೇರಿದೆ, ಅಲೆತಡೆ ಗೋಡೆಯೊಂದು ಅದನ್ನು ನೆಲಕ್ಕೇ ಜೋಡಿಸಿದೆ. ಅನುಮತಿ ಗಿನುಮತಿ ಎಂದು ವೇಳೆ ಹಾಳು ಮಾಡಬೇಡಿ. ನೀವು ಹತ್ತಿರವಾಗುತ್ತಲೇ ಅವರೇ ವೇಗದ ದೋಣಿ ಕಳಿಸಿ ಕರೆದೊಯ್ಯುತ್ತಾರೆ. ಹೆಸರು, ಊರು, ಹೆತ್ತವರ ಹೆಸರು, ದೋಣಿಯ ಕಾಗದ, ಫೋನಿನಲ್ಲಿರುವ ಫೋಟೊ ಎಲ್ಲವನ್ನೂ ಇಷ್ಟು ಆಸ್ಥೆಯಿಂದ ವಿಚಾರಿಸುವವರು ನಿಮ್ಮ ನೆಂಟರಲ್ಲೂ ಇಲ್ಲ. ಸಂತೆ ಒಂದು ವಾರ ಮುಂದಕ್ಕೆ ಹೋಗಬಹುದು, ಅಷ್ಟೇ.

ಬಿಟ್ಟು ಕಳಿಸಿದ ಮೇಲೆ ಕೊಲ್ಲಿಗೆ ಮರಳಿ ಲಂಗರು ಹಾಕಿ. ನೀರಿನ ಆಳದ ಐದಾರು ಪಟ್ಟು ಹಗ್ಗ ಬಿಡಬೇಕೆಂಬುದು ಬಲ್ಲವರ ಲೆಕ್ಕ. ಹಗ್ಗ ಓರೆಯಾಗಿ ಎಳೆದಾಗಲೇ ಲಂಗರು ಕೆಸರಿನಲ್ಲಿ ಕಚ್ಚುತ್ತದಂತೆ. ನೀವು ಲಂಗರು ತಳ ಮುಟ್ಟಿದ ಕೂಡಲೇ ಕಟ್ಟಿಬಿಡಿ, ಹಗ್ಗ ಹೊಸದಾಗಿ ಉಳಿಯುತ್ತದೆ. ಭರತವಿದ್ದಾಗ ದಡಕ್ಕೆ ಆದಷ್ಟು ಹತ್ತಿರ ನಿಲ್ಲಿಸಿ, ಪುಟ್ಟ ಡಿಂಗಿ ದೋಣಿಯಲ್ಲಿ ದಡಕ್ಕೆ ಹೋಗುವ ದೂರ ಕಡಿಮೆಯಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇಲ್ಲಿ ಆಳೆತ್ತರದ ಸಮೀಪಕ್ಕೆ ಏರಿ ಇಳಿಯುತ್ತದೆ. ನೀವು ಸಂತೆಯಿಂದ ಮರಳುವಾಗ ದೋಣಿ ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತದೆ, ತಳದ ಬಣ್ಣ ನೋಡಲು ಇಂಥ ಸಂದರ್ಭ ಪದೇ ಪದೇ ಸಿಗುವುದಿಲ್ಲ.

ದಡಕ್ಕಿಳಿದ ಮೇಲೆ ಸಂತೆ ಎಲ್ಲಿ ಎಂದು ಯಾರನ್ನೂ ಕೇಳಬೇಡಿ. ಕೇಳಿ ತಿಳಿದದ್ದು ಶೋಧವಾಗುವುದಿಲ್ಲ. ಖಾಲಿ ಚೀಲದವರು ಒಂದು ಕಡೆಗೂ ತುಂಬಿದ ಚೀಲದವರು ಇನ್ನೊಂದು ಕಡೆಗೂ ನಡೆಯುತ್ತಿರುತ್ತಾರೆ. ಅದರಿಂದ ಏನಾದರೂ ಊಹಿಸಲು ಹೋಗದೆ ಫೋನಿನ ನಕ್ಷೆ ತೆರೆದು, ಅದು ತೋರಿಸಿದ ಸಂದಿಯಲ್ಲಿ ನುಗ್ಗಿ ಯಾರದೋ ಹಿತ್ತಲಿನ ಬಾವಿಕಟ್ಟೆಗೆ ತಲುಪಿ. ಅಲ್ಲಿ ಬಟ್ಟೆ ಒಗೆಯುತ್ತಿರುವ ಅಜ್ಜಿ ನಿಮ್ಮನ್ನು ಸರಿಯಾದ ದಾರಿಗೆ ಹಚ್ಚುತ್ತಾಳೆ. ಬರೆಯುವಾಗ ಅಜ್ಜಿಯನ್ನು ಬಿಟ್ಟುಬಿಡಿ.

ಸಂತೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಒಂದಾಗಿರಬೇಕು. ಬೆಳಗಿನ ಎಂಟು, ಒಂಬತ್ತಕ್ಕೆ ಬಂದರೆ ಎಲ್ಲವೂ ತಾಜಾ ಇದ್ದು ಗೊಂದಲವಾಗುತ್ತದೆ. ಹರಿವೆ ಸೊಪ್ಪು ನೀರು ಚಿಮುಕಿಸಿಕೊಂಡು ಕೆಂಪಗೆ ಹೊಳೆಯುತ್ತಿರುತ್ತದೆ, ಬಸಳೆಯ ದಂಟು ಮುರಿದರೆ ಲೋಳೆ ಬರುತ್ತದೆ, ಮೊಗೆಕಾಯಿಗೆ ಇನ್ನೂ ಮಣ್ಣು ಮೆತ್ತಿರುತ್ತದೆ. ಒಂದು ಗಂಟೆಗೆ ಬಂದವರಿಗೆ ಬಾಡಿದ್ದು ಮಾತ್ರ ಉಳಿದಿರುವುದರಿಂದ ಆಯ್ಕೆಯ ತಾಪತ್ರಯವಿಲ್ಲ.

ಮೇ ಕೊನೆಯ ಸಂತೆಯಲ್ಲಿ ಜನ ವಿಪರೀತ. ಮುಂದೆ ತಿಂಗಳುಗಟ್ಟಲೆ ಮಳೆ ಹೊಯ್ಯುತ್ತದೆ, ಹಸಿಮೀನು ಅಪರೂಪವಾಗುತ್ತದೆ, ಕಟ್ಟಿಗೆ ಒದ್ದೆಯಾಗುತ್ತದೆ, ಏನನ್ನೂ ಒಣಗಿಸಲಾಗದು. ಆದ್ದರಿಂದ ಮನೆಮನೆಯವರೂ ಒಣ ಸಿಗಡಿ, ಒಣ ಬಂಗುಡೆ, ಉಪ್ಪು, ಬ್ಯಾಡಗಿ ಮೆಣಸು, ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಈರುಳ್ಳಿ ಎಂದು ಹೊತ್ತುಕೊಂಡು ಹೋಗುತ್ತಿರುತ್ತಾರೆ. ಇದು ಮಳೆಗಾಲದ ದಾಸ್ತಾನು ಎಂದು ನಿಮಗೆ ಹೊಳೆಯಕೂಡದು. ಯಾವ ದೇವರ ಜಾತ್ರೆ ಎಂದು ಕೇಳಿ. ಮೊದಲು ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ಹಿಂದಿಯಲ್ಲಿ. ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಲೆಕ್ಕ ಹೇಳಬಲ್ಲ ಹೆಂಗಸು ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ. ಭಾಷೆ ಗೊತ್ತಿಲ್ಲದ ಮುಗ್ಧೆ ಎಂದು ಕನಿಕರಪಡಿ. ಕನ್ನಡದಲ್ಲಿ ಮಾತಾಡುವ ಆಲೋಚನೆ ಬಂದರೂ ತಡೆದುಕೊಳ್ಳಿ, ಸಂತೆಯ ಬೆಡಗು ಕರಗಿಹೋಗುತ್ತದೆ.

ಹಾಲಕ್ಕಿ ಸಮುದಾಯದ ಹೆಂಗಸರು ಕೂತ ಸಾಲಿಗೆ ಬನ್ನಿ. ನೀವು ದೋಣಿ ಏರಿದ್ದೇ ಈ ಫೋಟೊಗಾಗಿ. ಕೊರಳ ತುಂಬ ಮಣಿಸರ, ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ, ಮುಂದೆ ಗೋಣಿಚೀಲದ ಮೇಲೆ ಪಾಲು ಪಾಲಾಗಿ ಹಾಕಿದ ಬೆಂಡೆ, ಅಲಸಂದೆ, ಹೀರೆ. ಬಲಗೈ ಪಕ್ಕ ಬಸಳೆ ಕೊಯ್ಯುವ ಕತ್ತಿ, ಎಡಗೈ ಪಕ್ಕ ಕವಳದ ಸಂಚಿ. ಅಡಿಕೆ ಹೋಳು, ಸುಣ್ಣದ ಡಬ್ಬಿ, ಬಸ್ಸಿನ ಟಿಕೇಟು, ಅವತ್ತಿನ ಅಷ್ಟೂ ದುಡ್ಡು ಅದೇ ಸಂಚಿಯಲ್ಲಿ. ನೋಟು ಎಣಿಸುವಾಗ ಬೆರಳಿಗೆ ಮೆತ್ತಿದ ಸುಣ್ಣ ಗಾಂಧಿಯ ಕನ್ನಡಕಕ್ಕೂ ತಾಗುತ್ತದೆ. ನೀವು ಅವಳಿಗೂ ಗಿರಾಕಿಗೂ ನಡುವೆ ನಿಲ್ಲಿ. ಒಂದು ಮೊಣಕಾಲೂರಿ. ಲೆನ್ಸನ್ನು ಅವಳ ಮೂಗಿನ ಹತ್ತಿರ ಒಯ್ದು, ನಗಬೇಡ ಎಂದು ಸನ್ನೆ ಮಾಡಿ, ನಕ್ಕ ಮುಖದಲ್ಲಿ ಬದುಕಿನ ಬವಣೆ ಮೂಡುವುದಿಲ್ಲ.

“ತಮಾ, ತಕಂಬುದೋ, ಬರೀ ನೋಡುದೋ?” ಎಂದು ಅವಳು ಕೇಳುತ್ತಾಳೆ. ಉತ್ತರ ಕೊಡಬೇಡಿ. ಬೆಳಕು ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇದೇ ಸಮುದಾಯದ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದವರು, ಮದ್ಯದ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ನಿಂತವರು. 2017ರಲ್ಲಿ ಪದ್ಮಶ್ರೀ ಬಂತು. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಯಾವ ಬೀಜ ಯಾವ ತಾಯಿಮರದಿಂದ ಯಾವಾಗ ಆರಿಸಬೇಕೆಂಬುದನ್ನು ಅಧಿಕಾರಿಗಳೇ ಬಂದು ಕೇಳುವಂತಾದವರು. ಅವರಿಗೂ 2020ರ ಸಾಲಿನಲ್ಲಿ ಅದೇ ಪ್ರಶಸ್ತಿ. ಇಬ್ಬರೂ ಅಂಕೋಲಾ ತಾಲೂಕಿನವರು. ಹೊರಡುವ ಮುನ್ನ ಇಂಥದ್ದನ್ನೆಲ್ಲ ಓದಿಕೊಂಡು ಬಂದರೆ ಕೈ ನಡುಗಿ ಫೋಟೊ ಮಸುಕಾಗುತ್ತದೆ. ಓದಬೇಡಿ. ಫೋಟೊದ ಕೆಳಗೆ ಹೆಸರು ಹಾಕುವುದೂ ಬೇಡ, ‘ಕಾಲ ನಿಂತ ಕಣ್ಣುಗಳು’ ಎಂದರೆ ಸಾಕು. ಅವಳ ಕಣ್ಣು ಆಗ ಮೂರು ಗಂಟೆಯ ಬಸ್ಸಿನ ಮೇಲೆ ಇತ್ತು ಎಂಬುದು ಓದುವವರಿಗೆ ಬೇಕಿಲ್ಲ.

ಕೊಳ್ಳುವ ವಿಧಾನ ಹೀಗೆ. ಹತ್ತು ಸಲ ಮುಟ್ಟಿ, ಒಂದು ಸಲ ಕೊಳ್ಳಿ. ಅಂಕೋಲೆಯ ಕರಿ ಈಶಾಡು ಮಾವಿಗೆ ಈ ಉಪಚಾರ ವಿಶೇಷವಾಗಿ ಸಲ್ಲುತ್ತದೆ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹಣ್ಣು, ಸಿಪ್ಪೆ ತೆಳ್ಳಗೆ, ತಿರುಳು ಧಾರಾಳ, ಸಿಹಿಯ ಬಗ್ಗೆ ಅಂಕೋಲೆಯವರ ಹತ್ತಿರ ವಾದಕ್ಕಿಳಿಯದಿರುವುದು ಕ್ಷೇಮ. ಈ ತೆಳ್ಳಗಿನ ಸಿಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬುಟ್ಟಿಯ ಎಲ್ಲ ಹಣ್ಣನ್ನೂ ಒತ್ತಿ. ಒತ್ತಿದ್ದು ಸಂಜೆಗೆ ಕಪ್ಪಾಗುತ್ತದೆ, ಆದರೆ ನೀವು ಸಂಜೆಗೆ ಅಲ್ಲಿರುವುದಿಲ್ಲ. ಕೊನೆಗೆ ಅಲ್ಫಾನ್ಸೊ ಇದೆಯೇ ಎಂದು ಕೇಳಿ ಮುಂದೆ ನಡೆಯಿರಿ.

ಇಪ್ಪತ್ತು ರೂಪಾಯಿಯ ಹರಿವೆಗೆ ಐನೂರರ ನೋಟು ಕೊಡಿ. ಚಿಲ್ಲರೆ ಇಲ್ಲ ಅಂದರೆ ಆಶ್ಚರ್ಯ ತೋರಿಸಿ. ಅವಳು ಪಕ್ಕದವಳ ಹತ್ತಿರ, ಪಕ್ಕದವಳು ಹೂವಿನವಳ ಹತ್ತಿರ, ಹೂವಿನವಳು ಎದುರಿನ ಕಿರಾಣಿಯವನ ಹತ್ತಿರ ಕೇಳಿ ಚಿಲ್ಲರೆ ಒಟ್ಟುಗೂಡಿಸುವವರೆಗೆ ಕಾದು, ಆಮೇಲೆ ಗೂಗಲ್ ಪೇ ಇದೆಯೇ ಎನ್ನಿ. ಅವಳ ಮಗನ ಕ್ಯೂಆರ್ ಫಲಕ ಬುಟ್ಟಿಯ ಅಡಿಯಿಂದ ಹೊರಗೆ ಬರುತ್ತದೆ. ಇದು ಸಂತೆಯ ಶುದ್ಧತೆಗೆ ಒದಗಿದ ಧಕ್ಕೆ ಎಂದು ಮನಸ್ಸಿನಲ್ಲೇ ನೊಂದುಕೊಂಡು ಸ್ಕ್ಯಾನ್ ಮಾಡಿ.

ಚೌಕಾಸಿಯಲ್ಲಿ ನಾಚಿಕೆ ಬೇಡ. ದೋಣಿಯವನು ಕೇಳಿದ್ದನ್ನು ಕೇಳಿದ ಹಾಗೆ ಕೊಟ್ಟಿದ್ದೀರಿ, ಆ ನಷ್ಟವನ್ನು ಎಲ್ಲಾದರೂ ತುಂಬಿಕೊಳ್ಳಬೇಕಲ್ಲ? ತೊಂಡೆಕಾಯಿಯ ಪಾಲಿಗೆ ಐದು ರೂಪಾಯಿ ಇಳಿಸಿ. ಅವಳು ಒಪ್ಪಿ, ಮೇಲಿಂದ ಒಂದು ಹಿಡಿ ಕೊಸರು ಹಾಕಿದರೆ ಇದರಲ್ಲಿ ಏನೋ ಮೋಸವಿದೆ ಎಂದು ತಿಳಿದು ಅದನ್ನು ಕೆಳಕ್ಕೆ ಸುರಿದು ನೋಡಿ.

ಉಪ್ಪಿನ ಮಾತಿಗೆ ಬಂದರೆ, ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ಕಡಲನೀರು ಕಟ್ಟಿ, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ್ದನ್ನು ಎಳೆದು ರಾಶಿ ಮಾಡುತ್ತಾರೆ. ದಪ್ಪ ಹರಳು, ತುಸು ಮಣ್ಣಿನ ಬಣ್ಣ, ಉಪ್ಪಿನಕಾಯಿ ಹಾಕುವವರು ಇದನ್ನೇ ಹುಡುಕುತ್ತಾರೆ. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಇದೇ ಅಂಕೋಲೆಯ ದಂಡೆಯಲ್ಲಿ. ಕೆಲವೇ ರೂಪಾಯಿಗೆ ಸಿಗುವ ಇದನ್ನು ಹೊಲಸು ಉಪ್ಪೆಂದು ಬಿಟ್ಟುಬಿಡಿ. ಬೆಂಗಳೂರಿಗೆ ಮರಳಿದ ಮೇಲೆ ಇದನ್ನೇ ಗಾಜಿನ ಬಾಟಲಿಯಲ್ಲಿ ಇಟ್ಟು, ಕೊರಳಿಗೆ ಸೆಣಬಿನ ದಾರ ಕಟ್ಟಿ ಮಾರುವವರು ಸಿಗುತ್ತಾರೆ. ಆಗ ಎರಡು ಕೊಳ್ಳಿ.

ಕುಮಟೆ ಕಡೆಯ ಸಿಹಿ ಈರುಳ್ಳಿಯನ್ನು ಸೊಪ್ಪಿನ ಸಮೇತ ಜಡೆ ಹೆಣೆದು ಮಾರುತ್ತಾರೆ. ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲಕ್ಕೂ ಬರುತ್ತದೆ. ಅದಕ್ಕೇ ಹೆಣೆಯುವುದು. ನೀವು ಜಡೆಯನ್ನು ಕತ್ತರಿಸಿ, ಒಣಮೀನಿನ ಪೊಟ್ಟಣದ ಜೊತೆ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ದೋಣಿಯೊಳಗೆ ಮಲಗುವ ಮಂಚದ ಅಡಿಗೆ ದೂಡಿ. ಎರಡು ದಿನ ಮುಟ್ಟಬೇಡಿ. ಮೂರನೆಯ ದಿನ ನಿಮ್ಮ ಜೊತೆ ಬಂದ ಗೆಳೆಯರು ತಾವಾಗಿಯೇ ಬಸ್ಸಿನಲ್ಲಿ ಹೋಗುತ್ತೇವೆ ಎನ್ನುತ್ತಾರೆ, ದೋಣಿ ಹಗುರಾಗುತ್ತದೆ.

ಲಿಂಬೆಹಣ್ಣು ಕೊಳ್ಳಬೇಡಿ. ಸೊಪ್ಪು, ಹಣ್ಣು ಯಾವುದನ್ನೂ ತಿನ್ನಲಿಕ್ಕೆಂದು ಕೊಳ್ಳಬೇಡಿ. ಸಂತೆಯ ಕಾಯಿಪಲ್ಯೆ ಇರುವುದು ಚಿತ್ರಕ್ಕೆ, ಊಟಕ್ಕೆ ಮ್ಯಾಗಿ ಇದೆ. ಇಲ್ಲೂ ಗುರುವಿನ ದಾರಿ ಸ್ಪಷ್ಟವಾಗಿದೆ. ವಾಸ್ಕೋ 1498ರ ಅಕ್ಟೋಬರಿನಲ್ಲಿ ಅಂಜದೀವ ಬಿಟ್ಟ. ಈಶಾನ್ಯದ ಗಾಳಿ ಗಟ್ಟಿಯಾಗುವವರೆಗೆ ತುಸು ತಾಳು ಎಂದು ಈ ಕರಾವಳಿಯ ಯಾವ ನಾವಿಕನಾದರೂ ಹೇಳುತ್ತಿದ್ದ, ಕೇಳುವಷ್ಟು ವ್ಯವಧಾನವಿರಬೇಕಲ್ಲ. ಬರುವಾಗ 23 ದಿನ ಹಿಡಿದ ಕಡಲು ಹೋಗುವಾಗ ಮೂರು ತಿಂಗಳ ಹತ್ತಿರ ಹಿಡಿಯಿತು. ತಾಜಾ ಆಹಾರವಿಲ್ಲದೆ ಸ್ಕರ್ವಿ ಹತ್ತಿ, ಒಸಡು ಹಲ್ಲಿನ ಮೇಲೆ ಬೆಳೆದು, ಕೈಕಾಲು ಬಾತು, ಆ ಒಂದು ದಾಟಿನಲ್ಲೇ 30 ಮಂದಿ ಸತ್ತರು. ಹಡಗಿಗೆ ಏಳೆಂಟು ಜನರಷ್ಟೇ ಕೆಲಸಕ್ಕೆ ಉಳಿದಿದ್ದರು. ಆಳು ಸಾಲದೆ ಮೂರು ಹಡಗಿನಲ್ಲಿ ಒಂದನ್ನು ಆಫ್ರಿಕದ ದಂಡೆಯಲ್ಲಿ ಸುಟ್ಟರು. ಲಿಸ್ಬನ್ನಿನಲ್ಲಿ ಸನ್ಮಾನ ಮಾತ್ರ ಭರ್ಜರಿಯಾಗಿಯೇ ಆಯಿತು. ಸನ್ಮಾನದ ದಿನ ಲಿಂಬೆಹಣ್ಣಿನ ಲೆಕ್ಕ ಕೇಳುವವರಿರುವುದಿಲ್ಲ.

ಶೋಧವನ್ನು ಲೋಕಕ್ಕೆ ಸಾರುವ ಹೊತ್ತಾಯಿತು. ಊರಿನ ಹೆಸರು ಹೇಳದೆ ‘ಹೊರಜಗತ್ತು ಕಾಣದ ಪುಟ್ಟ ಮೀನುಗಾರರ ಹಳ್ಳಿ’ ಎಂದು ಬರೆಯಿರಿ. ಕಾರವಾರ 1862ರಿಂದ ಜಿಲ್ಲಾಕೇಂದ್ರ. ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಮೆಡಿಕಲ್ ಕಾಲೇಜು ಎಲ್ಲ ಇವೆ. ಫೋಟೊದಲ್ಲಿ ಅವು ಬೀಳದಂತೆ ನೋಡಿಕೊಂಡರಾಯಿತು. ಇಂಗ್ಲಿಷರು 1638ರಲ್ಲೇ ಇಲ್ಲಿ ವ್ಯಾಪಾರದ ಕೋಠಿ ತೆರೆದು ಕರಿಮೆಣಸು, ತೆಳುಬಟ್ಟೆ ಹಡಗಿಗೆ ತುಂಬಿದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಟಾಗೋರರು ಬಂದು ಉಳಿದು ನಾಟಕ ಬರೆದರು. ನೀವು ಡಿಂಗಿ ಎಳೆದು ನಿಲ್ಲಿಸಿದ ಕಡಲತೀರಕ್ಕೆ ಅವರದೇ ಹೆಸರಿದೆ, ಫಲಕವೂ ಇದೆ. ಹೊರಜಗತ್ತು ಇಲ್ಲಿಗೆ ಇಷ್ಟು ಸಲ ಬಂದು ಹೋಗಿದ್ದರೂ ನೀವು ಬರುವುದು ಬಾಕಿಯಿತ್ತು ಎಂಬ ಧಾಟಿಯಲ್ಲಿ ಬರೆದರೆ ಸುಳ್ಳೂ ಆಗುವುದಿಲ್ಲ.

ಕೊನೆಯಲ್ಲಿ ‘ದಯವಿಟ್ಟು ಯಾರೂ ಇಲ್ಲಿಗೆ ಬಂದು ಈ ಜಾಗವನ್ನು ಹಾಳು ಮಾಡಬೇಡಿ’ ಎಂದು ಕಳಕಳಿಯಿಂದ ಸೇರಿಸಿ, ಕೆಳಗೆ ನಕ್ಷೆಯ ಕೊಂಡಿ ಹಾಕಿ.

ವಾಪಸು ಹೋಗುವುದು ಇನ್ನು ಉಳಿದ ಕೆಲಸ. ಗೋವೆ ಇರುವುದು ವಾಯವ್ಯಕ್ಕೆ, ಮಧ್ಯಾಹ್ನದ ಗಾಳಿ ಬರುವುದೂ ವಾಯವ್ಯದಿಂದಲೇ. ಹಾಯಿ ಏರಿಸಿ ನೇರ ಅದರ ಮುಖಕ್ಕೆ ಹಿಡಿಯಿರಿ. ದೋಣಿ ಹಿಂದಕ್ಕೆ ಚಲಿಸುತ್ತದೆ. ಕೇರಳಕ್ಕೆ ವಾಡಿಕೆಯಂತೆ ಮಳೆ ಬರುವುದು ಜೂನ್ 1ಕ್ಕೆ, ಅಲ್ಲಿಂದ ಕಾರವಾರಕ್ಕೆ ನಾಲ್ಕೈದು ದಿನ. ಅಷ್ಟರಲ್ಲಿ ದಡ ಕಾಣುವ ದೂರದಲ್ಲೇ ಇದ್ದರೆ ಒಳ್ಳೆಯದು, ಯಾಕೆಂದರೆ ನಿಮ್ಮನ್ನು ಯಾರಾದರೂ ನೋಡಬೇಕು. ನಿಷೇಧಕ್ಕೆ ಮುನ್ನ ಕೊನೆಯ ಮೀನು ಹಿಡಿದು ಬೈತಖೋಲಕ್ಕೆ ಮರಳುವ ಟ್ರಾಲರಿನವರು ನೋಡುತ್ತಾರೆ. ಅವರಲ್ಲಿ ಒಬ್ಬನ ಬಲೆಯನ್ನೇ ನೀವು ಬರುವಾಗ ಪ್ರೊಪೆಲರ್‌ಗೆ ಸುತ್ತಿಕೊಂಡಿದ್ದೀರಿ, ಗುರುತು ತೋರಿಸಬೇಡಿ. ಹಗ್ಗ ಎಸೆಯುತ್ತಾರೆ, ಕಟ್ಟಿಕೊಳ್ಳಿ. ಬಂದರಿನವರೆಗೆ ಎಳೆದೊಯ್ಯುವಾಗ ದೋಣಿಯ ಮುಂಭಾಗದಲ್ಲಿ ನಿಂತು, ಹಗ್ಗ ಕಾಣದಂತೆ ಫೋಟೊ ತೆಗೆಸಿಕೊಳ್ಳಿ. ಹಣ ಕೊಡಹೋದರೆ ಬೇಡ ಎನ್ನುತ್ತಾರೆ, ಒತ್ತಾಯಿಸಬೇಡಿ. ಚೀಲದಲ್ಲಿ ಬಾಲ್‌ಪೆನ್ನು ಉಳಿದಿದ್ದರೆ ಒಂದೊಂದು ಕೊಡಿ.